ಇಪ್ಪತ್ನಾಲ್ಕು ಗಂಟೆಯ ನಿಯಮ

ಕರೆ ಎತ್ತಿದಾಗ ಮೊದಲು ಕೇಳಿಸಿದ್ದು ಏಟು. ಹಲೋ ಬಂದದ್ದು ಆಮೇಲೆ.

"ಕ್ರೆಡಿಟ್ ಕಾರ್ಡಿನ ಸಹಾಯವಾಣಿ ತಾನೇ? ಹೊರದೇಶದಿಂದ ಮಾತಾಡ್ತಿದೀನಿ. ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಿದಾಳೆ. ತಲೆ ಒಡೆದಿದೆ."

ಗಂಡಸು ಏದುಸಿರು ಬಿಡುತ್ತಿದ್ದ. ಅವನ ಹಿಂದೆ ಹೆಣ್ಣುದನಿಯೊಂದು ನರಳಿತು. "ಸಾಕು ರೀ... ಸಾಕು..."

ಜಾರಿ ಬಿದ್ದವರು ಯಾರಿಗೂ ಸಾಕು ಎನ್ನುವುದಿಲ್ಲ.

ಗುಬ್ಬಿ ಕಾರ್ಡಿನ ಸಂಖ್ಯೆ ಕೇಳಿದಳು. ಅವನು ಹೇಳಿದ. ಪರದೆ ತೆರೆದುಕೊಂಡಿತು. ಅಲ್ಲಿದ್ದ ಸಾಲನ್ನು ಅವಳು ಎರಡು ಸಲ ಓದಿದಳು.

ಗುಬ್ಬಿ ಎಂಬುದು ಆಫೀಸಿನವರು ಇಟ್ಟ ಹೆಸರು. ಮೈಕಟ್ಟಿಗಲ್ಲ, ದನಿಗೆ. ಕೆಲಸಕ್ಕೆ ಸೇರಿ ಐದು ತಿಂಗಳಾದರೂ ಗ್ರಾಹಕರಿಗೆ 'ಇಲ್ಲ' ಎನ್ನಲು ಅವಳಿಗೆ ನಾಲಿಗೆಯೇ ಏಳುತ್ತಿರಲಿಲ್ಲ. "ನೀನು ಇಲ್ಲ ಅನ್ನೋ ಹೊತ್ತಿಗೆ ಗ್ರಾಹಕನಿಗೆ ಮೊಮ್ಮಕ್ಕಳಾಗಿರ್ತಾರೆ" ಎಂದು ಪಕ್ಕದ ಮೇಜಿನವನು ನಗುತ್ತಿದ್ದ. ಮೇಲ್ವಿಚಾರಕಿ ನಗುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ 'ಅತ್ತೆ' ಎನ್ನುವ ಆಕೆ ನಿನ್ನೆಯೂ ಗದರಿದ್ದರು: "ಪರದೆ ಮೇಲೆ ಏನಿದ್ಯೋ ಅದನ್ನ ಓದು, ಫೋನಿಡು. ಅರ್ಧ ನಿಮಿಷದ ಕೆಲಸ. ಇನ್ನೊಂದು ಕರೆ ಎಳೆದ್ರೆ ನಾಳೆಯಿಂದ ಬರಬೇಡ."

"ಯಾವ ಹೋಟೆಲು ಸರ್? ಕೋಣೆ ನಂಬರು? ಫಾರಂಗೆ ಬೇಕು."

ಹೇಳಿದ. ಗುಬ್ಬಿ ಚೀಟಿಯಲ್ಲಿ ಬರೆದುಕೊಂಡಳು.

"ಫಾರಂ ಮನೆ ಹಾಳಾಗ. ಕಾರ್ಡ್ ಕೊಡುವಾಗ ಪ್ರಯಾಣದ ವಿಮೆ ಪುಕ್ಕಟೆ ಅಂದಿದ್ರಲ್ಲ? ಅದನ್ನೇ ನಂಬ್ಕೊಂಡು ಬಂದಿದೀನಿ. ಬೇರೆ ಮಾಡ್ಸಿಲ್ಲ. ಟಿಕೆಟ್ಟೂ ಇದೇ ಕಾರ್ಡಲ್ಲಿ ತಗೊಂಡಿದ್ದು." ದನಿ ತಗ್ಗಿತು. "ಆಸ್ಪತ್ರೆಗೆ ಸೇರಿಸಿದ್ರೆ ಎಷ್ಟು ಬರುತ್ತೆ? ಸತ್ತೇ ಹೋದ್ರೆ ಎಷ್ಟು?"

ಪಕ್ಕದ ಮೇಜಿನವನು ಬಿಸ್ಕತ್ತು ಕಡಿಯುತ್ತಿದ್ದ. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು.

"ಸತ್ರೆ ಜಾಸ್ತಿ ಸರ್," ಎಂದಳು ಗುಬ್ಬಿ. "ಹತ್ತು ಪಟ್ಟು."

ಆ ಕಡೆ ಏನೋ ಭಾರದ್ದನ್ನು ಎತ್ತಿದ ಸದ್ದಾಯಿತು. ಹೆಂಗಸು ಚೀರಿದಳು.

"ಆದ್ರೆ ನಿಯಮ ಇದೆ ಸರ್!" ಗುಬ್ಬಿಯ ದನಿ ಮೊದಲ ಸಲ ಮೂರು ಮೇಜುಗಳಾಚೆಗೂ ಕೇಳಿಸಿತು. ಅವಳು ಎದುರಿಗಿದ್ದ ಪುಸ್ತಕದ ಹಾಳೆಗಳನ್ನು ಸರಸರ ಮಗುಚಿದಳು. "ಕೋಣೆಯಲ್ಲಿ ಸತ್ರೆ ಒಂದು ಕಾಸೂ ಬರಲ್ಲ. ಜೀವ ಇರುವಾಗಲೇ ಆಸ್ಪತ್ರೆ ಸೇರ್ಬೇಕು. ಇಪ್ಪತ್ನಾಲ್ಕು ಗಂಟೆ ಡಾಕ್ಟರ ಕೈಯಲ್ಲಿರ್ಬೇಕು. ಆಮೇಲೆ ಸತ್ರೆ ಮಾತ್ರ."

"ಇದೆಂಥ ದರಿದ್ರ ನಿಯಮಾರೀ!"

"ನಾನೇನ್ ಮಾಡ್ಲಿ ಸರ್."

ಭಾರದ್ದು ನೆಲಕ್ಕೆ ಬಿತ್ತು. ಗಾಜು ಒಡೆಯಿತು. "ಏಯ್, ಕಣ್ಣು ಬಿಡು! ಕಣ್ಣು ಬಿಡೇ!" ಕೆನ್ನೆಗೆ ಎರಡು ಪಟಪಟ.

"ಹೊಡೀಬೇಡಿ ಸರ್. ಹೊಸ ಗಾಯ ಆದ್ರೆ ನಿಯಮಕ್ಕೆ ಕೂರಲ್ಲ. ಮಗ್ಗುಲಾಗಿ ಮಲಗ್ಸಿ. ಒಣ ಟವೆಲ್ ಒತ್ತಿ ಹಿಡೀರಿ. ರಕ್ತ ನಿಲ್ಬೇಕು. ಈಗ ಎಷ್ಟು ಗಾಯ ಇದೆ?"

"ತಲೆಗೆ ಎರಡು... ಮೂರು. ಕೈ ಮುರಿದಿದೆ. ಪಕ್ಕೆಲೂ ಏನೋ ಆಗಿದೆ."

"ಇಷ್ಟೂ ಜಾರಿದ್ದಕ್ಕಾ ಸರ್?"

"ಎರಡು ಸಲ ಜಾರಿದ್ಲು."

"ಎರಡು ಸಲ. ಬರ್ಕೊಂಡೆ. ಕರೆ ರೆಕಾರ್ಡ್ ಆಗ್ತಿರುತ್ತೆ, ಚಿಂತೆ ಬೇಡ."

ಅತ್ತೆ ಬಂದು ಹಿಂದೆ ನಿಂತರು. ಪರದೆ ಓದಿದರು. ಹುಬ್ಬು ಗಂಟಿಕ್ಕಿತು. ಕರೆ ಕತ್ತರಿಸಲು ಕೈ ಚಾಚಿದರು. ಗುಬ್ಬಿ ಆ ಕೈಯನ್ನು ಹಿಡಿದು, ಅಂಗೈಗೆ ಚೀಟಿ ತುರುಕಿದಳು. ಅತ್ತೆ ಚೀಟಿ ನೋಡಿದರು: ಹೋಟೆಲು, ಕೋಣೆ, ಕೆಳಗೆ 'ಹೆಂಡ್ತೀನ ಕೊಲ್ತಿದಾನೆ'. ಹುಡುಗಿಯ ಮುಖ ನೋಡಿದರು. ತಮ್ಮ ಗಾಜಿನ ಕೋಣೆಗೆ ಹೋಗಿ ಫೋನು ಎತ್ತಿದರು.

"ಆಂಬುಲೆನ್ಸ್ ಬರ್ತಿದೆ ಸರ್. ಬಾಗಿಲು ತೆಗೆದಿಡಿ. ಉಸಿರಾಡ್ತಿದಾರಾ?"

"ಆಡ್ತಿದಾಳೆ. ಏಯ್, ನಿದ್ದೆ ಮಾಡ್ಬೇಡ. ನನ್ನ ಕಡೆ ನೋಡು, ನೋಡು."

ಸ್ವಲ್ಪ ಹೊತ್ತಿನ ಹಿಂದೆ ಹೆಂಡತಿಯ ತಲೆ ಒಡೆದವನು ಈಗ ಅವಳನ್ನು ಕಣ್ಣಿಗೆ ರೆಪ್ಪೆಯಂತೆ ಕಾಯುತ್ತಿದ್ದ. ಸೈರನ್ನು ಹತ್ತಿರವಾಯಿತು. ಹೆಜ್ಜೆಗಳು ಬಂದವು. "ಮೆಲ್ಲಗೆ! ತಲೆ ಹುಷಾರು!" ಎಂದು ಹೊರುವವರ ಮೇಲೆ ಅವನೇ ಕೂಗಾಡಿದ.

ಗಾಲಿಗಳ ಸದ್ದು ದೂರವಾಯಿತು.

"ಹೋದ್ಲು," ಎಂದ. "ಗಂಟೆ ಯಾವಾಗಿಂದ ಲೆಕ್ಕ?"

"ಅವರು ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಸರ್. ನೀವು ಕೆಳಗಿಳಿದು ಪಾಸ್‌ಪೋರ್ಟನ್ನ ಹೋಟೆಲಿನವರ ಕೈಗೆ ಕೊಡಿ, ನಕಲು ಬೇಕು. ಅಲ್ಲೇ ಕೂತಿರಿ. ಫೋನ್ ಇಡಬೇಡಿ."

"ಎಷ್ಟೊತ್ತು ಕೂರಲಿ?"

"ಜನ ಬರ್ತಾರೆ ಸರ್. ಸಮವಸ್ತ್ರದಲ್ಲಿರ್ತಾರೆ, ಗುರುತು ಸಿಗುತ್ತೆ."

ಲಿಫ್ಟು ಇಳಿಯಿತು. ಕುರ್ಚಿ ಎಳೆದ ಸದ್ದು. "ನಾಳೆವರೆಗೂ ಬದುಕಿರ್ತಾಳೆ ಬಿಡಿ," ಎಂದ, ನಕ್ಕ. "ಗಟ್ಟಿ ಪಿಂಡ." ಅಷ್ಟರಲ್ಲಿ ಬೂಟುಗಳು. ಅವನು "ಈ ಕಡೆ, ಈ ಕಡೆ" ಎಂದು ತಾನೇ ಕರೆದ. ಆಮೇಲೆ ಕುರ್ಚಿ ಉರುಳಿತು. ಯಾರದೋ ಮೂಳೆ ಮೇಜಿಗೆ ಬಡಿಯಿತು. ಫೋನು ಬಿತ್ತು, ಸಾಯಲಿಲ್ಲ. ಅವನ ಕಿರುಚಾಟ ನೆಲದಿಂದ ಕೇಳಿಸುತ್ತಿತ್ತು: "ಅವಳನ್ನ ಕೇಳ್ರೀ! ಫೋನಲ್ಲಿದಾಳೆ! ನಿಯಮದ ಪ್ರಕಾರ ಎಲ್ಲಾ ಮಾಡಿದೀನಿ!"

ಅತ್ತೆ ಗಾಜಿನ ಕೋಣೆಯಿಂದ ಬಂದರು. "ಆಸ್ಪತ್ರೆ ಸೇರಿದಾಳಂತೆ. ಉಳೀತಾಳಂತೆ," ಎಂದರು. ಕಣ್ಣು ಗುಬ್ಬಿಯ ಮೇಜಿನ ಮೇಲಿನ ಪುಸ್ತಕದ ಮೇಲೆ ಬಿತ್ತು. ಅದು ಅವಳ ಡೈರಿ. ತೆರೆದ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ.

ಗುಬ್ಬಿ ಫೋನಿಗೆ ಬಾಗಿ, ಕರೆಯ ಮೊದಲ ನಿಮಿಷದಿಂದಲೂ ಪರದೆಯ ಮೇಲಿದ್ದ ಒಂದೇ ಸಾಲನ್ನು, ಒಂದೂ ಪದ ತೊದಲದೆ ಓದಿದಳು: "ಕ್ಷಮಿಸಿ ಸರ್, ನಿಮ್ಮ ಕಾರ್ಡಿನ ಪ್ರಯಾಣ ವಿಮೆ ಹೋದ ವರ್ಷವೇ ರದ್ದಾಗಿದೆ, ನಿಮಗೆ ಏನೂ ಬರುವುದಿಲ್ಲ."