ಒಂದು ಚುಕ್ಕಿಯೂ ಕಳೆಯದಂತೆ

ವಿಶ್ವಂಭರನಿಗೆ ಕಣ್ಣು ಹೋದ ಮೇಲೆ ವೈದ್ಯರು ಕ್ಯಾಮೆರಾ ಇರುವ ಕನ್ನಡಕ ಕೊಟ್ಟು, ಅದನ್ನು ಮಿದುಳಿಗೆ ಜೋಡಿಸಿದ್ದರು. ಅದರಿಂದ ಮತ್ತೆ ಕಾಣುತ್ತಿತ್ತು. ಆದರೆ ಸಂಜೆಯಾಗುವಷ್ಟರಲ್ಲಿ ಬ್ಯಾಟರಿ ಮುಗಿದು ಎಲ್ಲ ಕತ್ತಲಾಗುತ್ತಿತ್ತು.

ಈ ಸಲ ಅದನ್ನು ಸರಿಪಡಿಸಿದ ಇಂಜಿನಿಯರ್ ಹುಡುಗಿ ಹೇಳಿದಳು: “ಇಷ್ಟು ದಿನ ಪ್ರತಿ ಚಿತ್ರವೂ ಇಡಿಯಾಗಿ ಮೆಮೊರಿಗೆ ಹೋಗಿ ಬರ್ತಿತ್ತು ಸರ್. ಆ ಓಡಾಟವೇ ಬ್ಯಾಟರಿ ತಿನ್ನುತ್ತಿತ್ತು. ಈಗ ಚಿತ್ರವನ್ನು ಚಿಕ್ಕದಾಗಿ ಮಡಚಿ ಕಳಿಸಿ, ಆಮೇಲೆ ಬಿಚ್ಚುತ್ತೇವೆ. ಒಂದು ಚುಕ್ಕಿಯೂ ಕಳೆಯಲ್ಲ. ನೀವು ಮಲಗುವವರೆಗೂ ಕಾಣುತ್ತೆ.”

“ನನ್ನ ಹೆಂಡತಿಗೆ ಹೇಳಬೇಡಮ್ಮ,” ಎಂದ ಅವನು. “ಕಣ್ಣಿದ್ದಾಗ, ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೇನ ಅವಳ ಮುಖಕ್ಕೇ ಎಸೀತಿದ್ದೆ. ಆದರೂ ದಿನಾ ರಾತ್ರಿ ಅವಳೇ ಕೈತುತ್ತು ಹಾಕ್ತಾಳೆ. ಆಗ ಅವಳ ಮುಖ ಹೇಗಿರುತ್ತೆ ಅಂತ ಒಂದ್ಸಲ ನೋಡಬೇಕು.”

ಊಟದ ಹೊತ್ತಿಗೆ ಹೆಂಡತಿ ಸುಭಾಷಿಣಿ ಎಂದಿನಂತೆ ಕೇಳಿದಳು: “ಬ್ಯಾಟರಿ ಮುಗೀತಾ?”

“ಆಗಲೇ ಮುಗೀತು.”

“ಏನೂ ಕಾಣಿಸ್ತಿಲ್ವಾ?”

“ಏನೂ ಇಲ್ಲ.”

“ಕನ್ನಡಕ ತೆಗೆದಿಡಲಾ?”

“ಇರಲಿ ಬಿಡು.”

ಅವಳು ಪಕ್ಕದಲ್ಲಿ ಕೂತು ಅನ್ನಕ್ಕೆ ಸಾರು ಹಾಕಿ, ಮೇಲೆ ತುಪ್ಪ ಬಿಟ್ಟಳು. ಅವಳ ಮುಖ ಶಾಂತವಾಗಿತ್ತು. ಆಗ ಅವಳು ತಟ್ಟೆಯ ಮೇಲೆ ಬಗ್ಗಿ, ಸದ್ದಾಗದಂತೆ ಅನ್ನಕ್ಕೆ ಉಗುಳಿ, ಬೆರಳುಗಳಿಂದ ನುಣ್ಣಗೆ ಕಲಸಿದಳು. ಒಂದು ತುತ್ತು ಎತ್ತಿ ಅವನ ತುಟಿಯ ಹತ್ತಿರ ಹಿಡಿದಳು.

“ಬಾಯಿ ತೆಗೀರಿ,” ಎಂದಳು, ದಿನದ ಅದೇ ಅಕ್ಕರೆಯಲ್ಲಿ.

ಅವನು ಬಾಯಿ ತೆರೆದ.