ವೆನಿಸ್ಸಿನ ಮುಖ

"ಗುಂಗುರು ಕೂದಲು ಮೇಷ್ಟ್ರೇ. ಕುರುಚಲು ಗಡ್ಡ. ಬಿಳೀ ಕಾರು."

ಉಮಾಶಂಕರ ಮೇಷ್ಟ್ರ ಪೆನ್ಸಿಲ್ ಹಾಳೆಯ ಮೇಲೆ ನಿಂತುಬಿಟ್ಟಿತು. ಎದುರಿಗೆ ಕೂತಿದ್ದ ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊನ್ನೆ ಸಂಜೆ ಅತ್ತೆ, ಸೊಸೆ ಇಬ್ಬರೂ ಮಾವಿನ ತೋಟದ ಕೂಲಿ ಮುಗಿಸಿ ಬೈರಕೂರು ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಕಾರೊಂದು ಸೊಸೆ ಸುನಂದಳಿಗೆ ಗುದ್ದಿತು. ಓಡಿಸುತ್ತಿದ್ದವನು ಇಳಿದು ಬಂದ, ಬಗ್ಗಿ ನೋಡಿದ, ಮತ್ತೆ ಕಾರು ಹತ್ತಿ ಹೊರಟುಹೋದ. ಸುನಂದ ಅತ್ತೆಯ ಮಡಿಲಲ್ಲೇ ಪ್ರಾಣ ಬಿಟ್ಟಳು.

ಸಬ್ ಇನ್ಸ್‌ಪೆಕ್ಟರ್ ಅರುಣ್‌ಕುಮಾರ್ ಹೈಸ್ಕೂಲಿನಲ್ಲಿ ಮೇಷ್ಟ್ರ ಶಿಷ್ಯ. ಮುಖ ಬರೆಯಿಸಬೇಕು ಅಂದಾಗ ಅವನಿಗೆ ನೆನಪಾದದ್ದು ತನ್ನ ಡ್ರಾಯಿಂಗ್ ಮೇಷ್ಟ್ರೇ. ಠಾಣೆಗೆ ಕರೆಸಿಕೊಂಡಿದ್ದ.

ಮೇಷ್ಟ್ರ ಮಗ ಕದಿರೇಶನಿಗೂ ಗುಂಗುರು ಕೂದಲು, ಕುರುಚಲು ಗಡ್ಡ. ಅವನದೂ ಬಿಳೀ ಕಾರು. ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ. ಮೊನ್ನೆ ಬೈರಕೂರಿನ ಗೆಳೆಯನ ಮನೆಗೆ ಹೋಗಿ ಬಂದವನು ಊಟ ಬೇಡವೆಂದು ಮಲಗಿದ್ದ. ಬೆಳಿಗ್ಗೆ ನೋಡಿದರೆ ಕಾರಿನ ಒಂದು ಹೆಡ್‌ಲೈಟ್ ಒಡೆದಿತ್ತು. ಬಾನೆಟ್ಟಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ಉಜ್ಜುತ್ತಿದ್ದ.

"ನಾಯಿ ಅಡ್ಡ ಬಂತು," ಅಂದಿದ್ದ. ಮೇಷ್ಟ್ರು ಮುಂದೆ ಕೇಳಿರಲಿಲ್ಲ.

ಈಗ ನೋಡಿದರೆ ಕೈ ತನ್ನಷ್ಟಕ್ಕೆ ಗೆರೆ ಎಳೆದುಬಿಟ್ಟಿತ್ತು. ದುಂಡು ಕೆನ್ನೆ, ಮೊಂಡು ಮೂಗು. ಮಗನ ಮುಖ. ಅಶ್ವತ್ಥಮ್ಮ ಬಗ್ಗಿ ನೋಡಿದಳು.

"ಹಿಂಗಾ? ಹಿಂಗಲ್ಲವೇನೋ ಮೇಷ್ಟ್ರೇ..."

ಅಳುವ ಕಣ್ಣಿಗೆ ಏನು ಕಂಡೀತು ಎಂದುಕೊಂಡರು ಮೇಷ್ಟ್ರು. ಬೆವರೊರೆಸಿಕೊಂಡು ರಬ್ಬರ್ ಹಿಡಿದರು. ಹಾಳೆ ತೂತಾಗುವ ಹಾಗೆ ಉಜ್ಜಿದರು.

ಮಗನನ್ನು ಉಳಿಸಬೇಕು. ಹಾಗಂತ ಊರಿನ ಇನ್ನೊಬ್ಬನ ಮಗನನ್ನು ಸಿಕ್ಕಿಸುವುದೂ ಬೇಡ. ಯಾರ ಮುಖ ಬರೆಯಲಿ?

ಮೇಷ್ಟ್ರಿಗೆ ಇದ್ದದ್ದು ಒಂದೇ ಹುಚ್ಚು, ಇಟಲಿಯ ಹಳೆಯ ಚಿತ್ರಕಾರರದು. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿ ತಂದ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ತರಗತಿಗೆ ಒಯ್ಯುತ್ತಿದ್ದರು. ಲಿಯೊನಾರ್ಡೊ ಬರೆದ ತುಟಿಯ ಅಂಚು ನೋಡ್ರೋ, ಹೊಗೆ ಕರಗಿದ ಹಾಗೆ ಕರಗುತ್ತೆ, ಎಲ್ಲಿ ನಗು ಶುರುವಾಯಿತು ಅಂತ ಹೇಳೋಕಾಗಲ್ಲ ಅನ್ನುತ್ತಿದ್ದರು. ಕಾರವಾಜ್ಜೊ ಬರೆದ ಕತ್ತಲನ್ನು ತೋರಿಸುವಾಗ ಕಿಟಕಿ ಮುಚ್ಚಿಸಿ ಒಂದೇ ಬಾಗಿಲು ತೆರೆದಿಡುತ್ತಿದ್ದರು. ಒಬ್ಬೊಬ್ಬನ ಮುಖದ ಮೇಲೂ ಬೆಳಕು ಹಾಗೆ ಬಿದ್ದಾಗ ಮಕ್ಕಳು ಪರಸ್ಪರ ನೋಡಿಕೊಳ್ಳುತ್ತಿದ್ದವು.

ಎಲ್ಲರಿಗಿಂತ ಅವರಿಗೆ ಇಷ್ಟವಾದವನು ವೆನಿಸ್ಸಿನ ಟಿಶಿಯನ್. ಅವನು ಬರೆದ ಒಬ್ಬ ತರುಣನ ಭಾವಚಿತ್ರ ಮೇಷ್ಟ್ರ ಕೋಣೆಯ ಗೋಡೆಯ ಮೇಲೇ ಇತ್ತು. ನೀಳ ಮೂಗು, ಪಕ್ಕಕ್ಕೆ ಹೊರಳಿದ ಕಣ್ಣು, ಬಿಗಿದ ತುಟಿ. ಆ ತರುಣ ಯಾರೆಂದು ಇಂದಿಗೂ ಯಾರಿಗೂ ಖಚಿತವಿಲ್ಲ. ಸತ್ತು ಐನೂರು ವರ್ಷವಾಗುತ್ತ ಬಂತು. ಅವನಿಗೆ ಯಾವ ಪೊಲೀಸರೂ ಬೇಡಿ ಹಾಕಲಾರರು.

ಮೇಷ್ಟ್ರು ಅವನನ್ನೇ ಬರೆದರು. ಕೂದಲನ್ನು ಗುಂಗುರು ಮಾಡಿದರು, ಗಡ್ಡವನ್ನು ಕುರುಚಲು ಮಾಡಿದರು.

ಹಾಳೆ ಕೈಗೆ ಬಂದದ್ದೇ ಅಶ್ವತ್ಥಮ್ಮ ಬೆಂಕಿ ಮುಟ್ಟಿದವಳಂತೆ ಬೆಚ್ಚಿದಳು. "ಇವ್ನೇ! ಅಯ್ಯೋ ದೇವುಡಾ, ಇವ್ನೇ ನನ್ ಸುನಂದನ್ನ ಕೊಂದೋನು!" ಎಂದು ಎದೆ ಬಡಿದುಕೊಂಡಳು.

ಮೇಷ್ಟ್ರು ತಲೆ ತಗ್ಗಿಸಿದರು. ದುಃಖದಲ್ಲಿರುವ ಹೆಂಗಸು, ಯಾವ ಮುಖ ಕೊಟ್ಟರೂ ಅದನ್ನೇ ಹಿಡಿದುಕೊಳ್ಳುತ್ತಾಳೆ. ತಾನು ಮಾಡುತ್ತಿರುವುದು ಅವಳಿಗೆ ಮೋಸ ಎಂದು ಗೊತ್ತಿದ್ದೂ ಹಾಳೆಯನ್ನು ಅರುಣ್‌ಕುಮಾರನಿಗೆ ಒಪ್ಪಿಸಿದರು.

ಮನೆಗೆ ಬಂದವರೇ ಬಾಗಿಲು ಹಾಕಿದರು. "ಲೇ, ಬೈಕು ತಗೊಂಡು ಚಿತ್ತೂರಿಗೆ ಹೋಗು, ನಿಮ್ಮತ್ತೆ ಮನೇಲಿರು. ನಾನು ಹೇಳೋವರೆಗೂ ಈ ಕಡೆ ತಲೆ ಹಾಕಬೇಡ."

"ಯಾಕಪ್ಪಾ? ನಾನೇನ್ ಮಾಡ್ದೆ?"

"ಆಯಮ್ಮ ಗುರುತು ಹೇಳಿದಳು ಕಣೋ. ನಿನ್ನನ್ನ ಉಳಿಸೋಕೆ ನಾನು ಸುಳ್ಳು ಮುಖ ಬರೆದು ಬಂದಿದೀನಿ."

ಕದಿರೇಶ್ ಅಪ್ಪನನ್ನೇ ದಿಟ್ಟಿಸಿದ. "ನಾಯಿ ಅಂದ್ನಲ್ಲಪ್ಪಾ. ನೀವೂ ನಂಬಲ್ವಾ?"

"ಆ ಸುಳ್ಳನ್ನ ಬೇರೆಯವರಿಗೆ ಹೇಳು."

ಅವನು ಹೋಗಲಾರೆನೆಂದು ಹಟ ಹಿಡಿದ. ತಾಯಿ ರಮಾದೇವಿ ಮಗನ ಕಾಲು ಹಿಡಿದುಕೊಂಡು ಅತ್ತಳು. ಕೊನೆಗೆ ಅವನು ಬ್ಯಾಗಿಗೆ ಎರಡು ಅಂಗಿ ತುರುಕಿ ಬೈಕು ಹತ್ತಿದ. ಊರು ಬಿಡುವವರೆಗೂ ಹಿಂತಿರುಗಿ ನೋಡಲಿಲ್ಲ. ಕಾರವಾಜ್ಜೊ ಕೂಡ ಒಬ್ಬನನ್ನು ಕೊಂದು ರೋಮಿನಿಂದ ಓಡಿಹೋದ, ಓಡಿಹೋದಲ್ಲಿಯೂ ಬದುಕಿ ಒಳ್ಳೊಳ್ಳೆಯ ಚಿತ್ರ ಬರೆದ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಚಿತ್ತೂರಿನ ದಾರಿಯಲ್ಲಿ ನಂಗಲಿ ದಾಟಿದ ಮೇಲೆ ಲಾರಿಯೊಂದು ಬೈಕಿಗೆ ಗುದ್ದಿ ನಿಲ್ಲಿಸದೆ ಹೋಯಿತು. ಕದಿರೇಶ್ ಆಸ್ಪತ್ರೆ ತಲುಪಲಿಲ್ಲ.

ಮಗನ ತಿಥಿಯ ದಿನ ಅರುಣ್‌ಕುಮಾರ್ ಬಂದ. ಟೋಪಿ ತೆಗೆದು ಕೂತ. ಆಮೇಲೆ ಮೊಬೈಲ್ ಚಾಚಿದ.

"ಹೇಳೋ ಹೊತ್ತಲ್ಲ ಇದು. ಆದ್ರೂ ನಿಮ್ಮ ಕೈಗೊಂದು ನಮಸ್ಕಾರ ಹೇಳ್ದೆ ಹೋಗೋಕಾಗಲ್ಲ ಮೇಷ್ಟ್ರೇ. ಆ ಕಾರಿನೋನು ಶ್ರೀನಿವಾಸಪುರದಲ್ಲಿ ಸಿಕ್ಕಿದ. ನಿಮ್ಮ ಚಿತ್ರ ನೋಡೇ ಜನ ಹಿಡಿದುಕೊಟ್ಟಿದ್ದು."

ಪರದೆಯ ಮೇಲೆ ಟಿಶಿಯನ್ನನ ತರುಣ. ಅದೇ ನೀಳ ಮೂಗು, ಅದೇ ಬಿಗಿದ ತುಟಿ. ಯಾರೋ ಪಾಪದವನು, ತಾನು ಬರೆದ ಸುಳ್ಳಿಗೆ ಬಲಿ. ಇನ್ನು ಮುಚ್ಚಿಡಲು ಮಗನೂ ಇರಲಿಲ್ಲ.

"ಬಿಟ್ಟುಬಿಡಪ್ಪಾ ಅವನನ್ನ," ಮೇಷ್ಟ್ರು ಅರುಣ್‌ಕುಮಾರನ ಕೈ ಹಿಡಿದುಕೊಂಡರು. "ಅವನಲ್ಲ. ನಾನು ಬೇಕಂತಲೇ ಬೇರೆ ಮುಖ ಬರೆದೆ. ಗುದ್ದಿದ್ದು ನನ್ನ ಮಗ."

ಅರುಣ್‌ಕುಮಾರ್ ಗರಬಡಿದವನಂತೆ ಅವರನ್ನೇ ನೋಡಿದ.

"ಏನ್ ಮೇಷ್ಟ್ರೇ ಹಿಂಗಂತೀರಾ? ಸುನಂದಮ್ಮನ ಸೀರೆ ಚೂರು ಅವನ ಕಾರಿನಡಿ ಇನ್ನೂ ಸಿಕ್ಕೊಂಡಿತ್ತು."