ಸುಗನ್ಯಾಳ ಬುತ್ತಿ

ಚಿಪ್ ಮಾರಲು ಬಂದ ಇಬ್ಬರೂ ತಮಿಳುನಾಡಿನ ದಿಂಡುಗಲ್ಲಿನ ಮೋಟರ್ ಸ್ಟಾರ್ಟರ್ ಕಾರ್ಖಾನೆಯ ಜಗಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ತೋಟದ ಮೋಟರನ್ನು ಫೋನಿನಿಂದಲೇ ನಡೆಸುವ ಹೊಸ ಪೆಟ್ಟಿಗೆಗೆ ಒಂದು ಕಂಪನಿಯ ಚಿಪ್ ಸಾಕಿತ್ತು. ಅದು ತಮಿಳ್‌ಸೆಲ್ವನ್‌ನ ಕಂಪನಿಯದೋ, ಎದುರಾಳಿ ಸುಗನ್ಯಾಳದೋ ಎಂಬುದು ಇವತ್ತೇ ತೀರ್ಮಾನ.

ಸುಗನ್ಯಾ ಫೋನಿನಲ್ಲಿ ತಾಯಿಯೊಡನೆ ಮನೆಮಾತಿಗಿಳಿದಿದ್ದಳು. ಇಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯ.

"ಬಿಸ್ಲಿಗಿಟ್ರೆ ನಮ್ ಚಿಪ್ ಕಾದು ನಿಂತೋಗ್ತದೆ ಅವ್ವಾ. ಎರಡು ತಿಂಗ್ಳಲ್ಲಿ ಸರಿ ಮಾಡ್ತಾರೆ. ಇವತ್ತೊಂದಿನ ಯಾರೂ ಆ ಕೇಳ್ವಿ ಕೇಳ್ಬಾರ್ದು. ಈ ಆರ್ಡರೂ ಹೋದ್ರೆ ನನ್ ಕೆಲ್ಸ ಇಲ್ಲ. ಸಾಮಿಗೆ ಕೈ ಮುಗಿ."

ತಮಿಳ್‌ಸೆಲ್ವನ್ ಕನ್ನಡದ ಮನೆಗಳೂ ಇರುವ ತೇವಾರ ಊರಿನವನು. ಕನ್ನಡ ಅವನ ಅವ್ವನ ಮಾತೂ ಹೌದು. ಹೊರಗೆಲ್ಲೇ ಆ ಮಾತು ಕಿವಿಗೆ ಬಿದ್ದರೂ "ಯಾವೂರಕ್ಕಾ, ಯಾರ ಮನೆ?" ಎಂದು ಕೇಳಿ ನಂಟು ಹುಡುಕುವುದು ಆ ಕಡೆಯ ಕನ್ನಡದವರಲ್ಲಿ ವಾಡಿಕೆ. ಅವನು ಕೇಳಲಿಲ್ಲ. ಗೋಡೆಯ ಹಲ್ಲಿಯನ್ನು ನೋಡುತ್ತ ಕೂತ.

ಒಳಗೆ ಮಾಲೀಕ ಅಯ್ಯಾವು ಎರಡೂ ಚಿಪ್‌ಗಳನ್ನು ಅಂಗೈಲಿಟ್ಟು ನೋಡಿ ತಮಿಳಿನಲ್ಲಿ ಕೇಳಿದರು. "ಅವಳಿ ಮಕ್ಕಳ ಹಂಗಿದಾವಲ್ಲಪ್ಪಾ. ಏನು ನೋಡಿ ಆರಿಸ್ಲಿ?"

"ಕಂಬಂ ಊರಿನ ಕಡೆ ತೋಟದಲ್ಲಿ ತಗಡಿನ ಪೆಟ್ಟಿಗೆ ಐಯಾ, ಮೇಲೆ ಚಿತ್ತಿರೈ ತಿಂಗಳ ಸುಡುಬೇಸಿಗೆಯ ಬಿಸಿಲು," ಅಂದ ತಮಿಳ್‌ಸೆಲ್ವನ್. "ಮೇಡಂ ಚಿಪ್ ತಡಕೊಳ್ಳುತ್ತಾ, ಕೇಳಿ."

ಸುಗನ್ಯಾ ಸುಳ್ಳಾಡಲಿಲ್ಲ. "ಇನ್ನೆರಡು ತಿಂಗಳು ಕೊಡಿ ಐಯಾ" ಎಂದಳು. ಅಯ್ಯಾವು ಅವಳ ಚಿಪ್ ಅನ್ನು ಒಂದೇ ಬೆರಳಲ್ಲಿ ಅವಳ ಕಡೆ ಸರಿಸಿದರು.

ಹೊರಗೆ ಬಂದವಳು ಅದೇ ಬೆಂಚಿನಲ್ಲಿ ಬುತ್ತಿ ಬಿಚ್ಚಿ, ಮುಚ್ಚಳಕ್ಕೆ ಅರ್ಧ ಅನ್ನ, ಹುರುಳಿ ಸಾರು ಹಾಕಿ ಅವನತ್ತ ನೂಕಿದಳು. "ಗೆದ್ದವರಿಗೂ ಹಸಿವಾಗುತ್ತೆ. ತಿನ್ನಿ ಸಾರ್," ಎಂದಳು ತಮಿಳಿನಲ್ಲಿ. ಅವನು ಮುಚ್ಚಳವನ್ನು ಹತ್ತಿರ ಎಳೆದುಕೊಂಡ. ಎರಡನೇ ತುತ್ತು ಕೈಯಲ್ಲಿದ್ದಾಗ ಫೋನ್ ಬಂತು. ತಡವರಿಸಿದ ಎಡಗೈ ಸ್ಪೀಕರ್ ಒತ್ತಿಬಿಟ್ಟಿತು.

"ಉಂಡ್ಯಾ ಸಾಮಿ?" ಹೊಲದಿಂದ ಹೊಲಕ್ಕೆ ಕೂಗಿ ಪಳಗಿದ ಅವ್ವನ ದನಿ. "ಯಾಕ್ಲಾ ಸುಮ್ಕಿದೀಯಾ? ಉಂಡ್ಯೇನೋ ಅಂದೆ!"

ಸುಗನ್ಯಾಳ ಕೈ ಅನ್ನದಲ್ಲೇ ನಿಂತಿತು. ಅವನ ಮುಖ ನೋಡಿದಳು, ತಾನು ಅವ್ವನೊಡನೆ ಮಾತಾಡುವಾಗ ಇಬ್ಬರೂ ಕೂತಿದ್ದ ಆ ಬೆಂಚು ನೋಡಿದಳು. ಆಮೇಲೆ ತನಗೆ ಉಳಿದಿದ್ದ ಸಾರನ್ನೂ ಅವನ ಅನ್ನದ ಮೇಲೆ ಸುರಿದಳು.

"ಹೇಳು ತಮ್ಮಾ," ಅಂದಳು ಮನೆಮಾತಿನಲ್ಲೇ. "ಅಕ್ಕ ಇಕ್ಕಿದ್ಲು, ಉಂಡೆ ಅನ್ನು."